ಬಾಯಿ ಕಪ್ಪು, ತಳ ಕೆಂಪು

ವೆಂಕಟಮ್ಮನಿಗೆ ಸಿಟ್ಟು ಬಂದರೆ ಆನೇಕಲ್ ಬಸ್ಸೂ ದಾರಿ ಬಿಡುತ್ತದೆ ಎಂದು ಓರಗೆಯವರು ತಮಾಷೆ ಮಾಡುತ್ತಾರೆ. ಆದರೆ ಆ ಶುಕ್ರವಾರ ಬಂದ ಸಿಟ್ಟು ತಮಾಷೆಯದಲ್ಲ.

ಕುಂಬಾರರ ಮನೆಯಲ್ಲಿ ಹುಟ್ಟಿದವಳು ಅವಳು. ಅಪ್ಪನಿಗೆ ಮಣ್ಣು ತುಳಿದುಕೊಟ್ಟು, ಮಡಕೆ ಸುಡುವ ಆವಿಗೆಗೆ ಸೌದೆ ಒಟ್ಟಿ ಬೆಳೆದವಳು. ಕೆರೆಯಂಗಳದ ಮಣ್ಣಿಗೆ ಬೇಲಿ ಬಿದ್ದ ಮೇಲೆ ಆವಿಗೆ ಆರಿತು. ಐವತ್ತೆಂಟನೆಯ ವಯಸ್ಸಿನಲ್ಲಿ ಅವಳಿಗೆ ಸಿಕ್ಕ ಕೆಲಸ ನೋಡಿ: ಎಲೆಕ್ಟ್ರಾನಿಕ್ ಸಿಟಿಯ ಆಚೆ ಕಟ್ಟಡಕ್ಕೆ ಪಾಯ ತೋಡುವಾಗ ಸಿಕ್ಕ ಹಳೇ ಮಡಕೆ ಚೂರುಗಳನ್ನು ತೊಳೆದು ಒಣಗಿಸುವುದು. ಅಲ್ಲಿ ಸಾವಿರಾರು ವರ್ಷದ ಹಿಂದಿನವರ ಸಮಾಧಿ ಇದೆಯೆಂದಾದರೆ ಪಾಯದ ಕೆಲಸ ನಿಲ್ಲಬೇಕು. ಇಲ್ಲವೆಂದಾದರೆ ಸೋಮವಾರವೇ ಕಾಂಕ್ರೀಟ್.

ಚೂರು ಪರೀಕ್ಷಿಸಿ ಪುರಾತತ್ವ ಇಲಾಖೆಗೆ ಅದನ್ನು ಹೇಳಬೇಕಾದವಳು ನಿವೇದಿತಾ. ದಾವಣಗೆರೆ ಕಡೆಯವಳು, ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಿಂದ ಬರುತ್ತಿದ್ದಳು. ಮಾತು ಮೆದು, ಓದಿದ್ದು ಕಂಪ್ಯೂಟರ್. ಚೂರಿನ ಹೊರಮೈ ಫೋಟೊ ತೆಗೆದರೆ ಸಾಕು, ಬಣ್ಣ ನೋಡಿ ಯಂತ್ರವೇ ವಿಂಗಡಿಸುತ್ತಿತ್ತು: ಕಪ್ಪು ಈ ಚೀಲಕ್ಕೆ, ಕೆಂಪು ಆ ಚೀಲಕ್ಕೆ. ವೆಂಕಟಮ್ಮ ಎರಡು ಸಲ ಏನೋ ಹೇಳಹೋದಳು. ಎರಡು ಸಲವೂ, ಅಕ್ಕ, ನೀವು ತೊಳೀರಿ ಸಾಕು ಅನ್ನಿಸಿಕೊಂಡಳು. ಅಲ್ಲ ಸ್ವಾಮಿ, ಹುಟ್ಟಿದಾಗಿನಿಂದ ಮಡಕೆ ಮುಟ್ಟಿದ ಕೈ ಬರೀ ತೊಳೆಯುವುದಕ್ಕೆ ಲಾಯಕ್ಕೇ?

ಶುಕ್ರವಾರ ಟೀ ಹೊತ್ತಿಗೆ ಕಟ್ಟಡದ ಎಂಜಿನಿಯರ್ ಶ್ರೀಧರ್ ನಗುನಗುತ್ತ ಬಂದ. ವರದಿ ಹೋಯಿತಂತೆ. ಒಂದೇ ಗುಂಡಿಯಲ್ಲಿ ಬೇರೆ ಬೇರೆ ಕಾಲದ ಎರಡು ಜಾತಿಯ ಮಡಕೆ ಬೆರೆತಿವೆ, ಆದ್ದರಿಂದ ಇದು ಎಲ್ಲಿಂದಲೋ ತಂದು ಸುರಿದ ಮಣ್ಣು, ಸಮಾಧಿಯೂ ಇಲ್ಲ ಗಿಮಾಧಿಯೂ ಇಲ್ಲ.

ವೆಂಕಟಮ್ಮನಿಗೆ ಮೈಯೆಲ್ಲಾ ಉರಿದುಹೋಯಿತು. ಟೀ ಅಲ್ಲೇ ಇಟ್ಟು ಶೆಡ್ಡಿಗೆ ನುಗ್ಗಿದಳು. ಒಂದೇ ಗುಂಡಿಯ, ಒಂದೇ ಆಳದ ಎರಡು ಚೀಲ ಆರಿಸಿ, ಎರಡನ್ನೂ ಟಾರ್ಪಾಲಿನ ಮೇಲೆ ಒಟ್ಟಿಗೇ ಸುರಿದುಬಿಟ್ಟಳು. ನಿವೇದಿತಾ ಓಡಿಬಂದು ತಲೆಯ ಮೇಲೆ ಕೈ ಹೊತ್ತಳು. ಎರಡು ವಾರದ ವಿಂಗಡಣೆ ಹಾಳಾಯಿತೆಂದು ಅಳುವುದೊಂದೇ ಬಾಕಿ. ವೆಂಕಟಮ್ಮ ತಿರುಗಿಯೂ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ಒಂದು ಕಪ್ಪು ಚೂರು, ಒಂದು ಕೆಂಪು ಚೂರು ಹುಡುಕಿ ಅಂಚಿಗೆ ಅಂಚು ಹಿಡಿದಳು. ಕೂದಲು ತೂರದ ಹಾಗೆ ಕೂತವು.

“ಇದು ಎಲ್ಡು ಮಡಕೆ ಅಲ್ಲ ಕಣವ್ವ, ಒಂದೇ. ಬಾಯಿ ಕೆಳಗ್ ಮಾಡಿ ಬೂದಿಲಿ ಊತು ಸುಟ್ಟವ್ರೆ. ಗಾಳಿ ತಾಗ್ದೆ ಇರೋ ಬಾಯಿ ಕಪ್ಪಾಯ್ತು, ತಾಗಿದ್ ತಳ ಕೆಂಪಾಯ್ತು. ಒಳಗಡೆ ಎಲ್ಲಾ ಕಪ್ಪೇ. ಒಂದ್ ಸಲನಾದ್ರೂ ಮಗುಚಿ ನೋಡಿದ್ಯಾ?”

ನಿವೇದಿತಾ ಒಂದು ಕೆಂಪು ಚೂರು ಮಗುಚಿದಳು. ಇನ್ನೊಂದು. ಮತ್ತೊಂದು. ಎಲ್ಲದರ ಒಳಮೈಯೂ ಕಪ್ಪೇ. ಅವಳ ಮುಖ ಸಣ್ಣದಾಯಿತು. ಕೂಲಿಯವಳ ಮಾತು ಕಟ್ಟಿಕೊಂಡು ಏನು ಮಾಡುತ್ತೀರಿ, ವರದಿ ಹೋಗಿಯಾಯಿತಲ್ಲ ಎಂದು ಶ್ರೀಧರ್ ರೇಗಿದ. ನಿವೇದಿತಾ ಫೋನ್ ತೆಗೆದು ಇಲಾಖೆಯ ಮೇಲಿನವರಿಗೆ ಮಾಡಿದಳು.

“ಸಾರ್, ವರದಿ ವಾಪಸ್ ತಗೋತಿದೀನಿ. ತಪ್ಪು ನಂದೇ. ಎರಡು ಜಾತಿ ಅಲ್ಲ, ಸಮಾಧೀಲಿ ಇಡೋ ಕಪ್ಪು-ಕೆಂಪು ಮಡಕೆ ಇದು. ಸೋಮವಾರ ಕಾಂಕ್ರೀಟ್ ಹಾಕೋಕೆ ಬಿಡ್ಬೇಡಿ.”

ಶ್ರೀಧರನ ಕೋಪವೆಲ್ಲ ವೆಂಕಟಮ್ಮನ ಮೇಲೆ ತಿರುಗಿತು. ನಾಳೆಯಿಂದ ಬರಬೇಡ, ಗೇಟ್ ಪಾಸ್ ಇಲ್ಲಿ ಕೊಡು ಎಂದ. ಅವಳು ಕುತ್ತಿಗೆಯಿಂದ ಪಾಸ್ ತೆಗೆದು ಅವನ ಕೈಗೇ ಇಟ್ಟಳು.

“ತಗಳಿ ಸಾರ್. ಇಲ್ಲಿ ಮಣ್ಣಲ್ಲಿ ಮಲಗಿರೋರ ಮಡಕೆನ ನನ್ ಕೈಲೇ ತೊಳೆಸಿ, ಅವ್ರ ಎದೆ ಮೇಲೇ ಕಾಂಕ್ರೀಟ್ ಸುರೀತಿದ್ರಲ್ಲ, ನಿಮ್ಗೆ ನಾಚ್ಕೆ ಆಗಾಕಿಲ್ವಾ?”