ನಮ್ಮ ಮಹಡಿಯ ಫಾರಿನ್ ಹಾಸ್ಟೆಲ್

ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ನಮ್ಮ ಮನೆಯನ್ನು 'ಫಾರಿನ್ ಹಾಸ್ಟೆಲ್' ಎಂದೇ ತೋರಿಸುತ್ತಿದ್ದರು. ಅದಕ್ಕೆ ಬೋರ್ಡೂ ಇರಲಿಲ್ಲ, ವಾರ್ಡನ್ನೂ ಇರಲಿಲ್ಲ. ಇದ್ದವರು ನನ್ನ ಅತ್ತೆ. ಅವರಿಗಿಂತ ವಾರ್ಡನ್ನೇ ವಾಸಿ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನರ್ಸಿಂಗ್ ಓದಲು ಕೀನ್ಯಾದಿಂದ ಬಂದ ಹುಡುಗಿಯೊಬ್ಬಳು ಸೂಟ್‌ಕೇಸ್ ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದಳು. ಟು-ಲೆಟ್ ಬೋರ್ಡು ನೋಡಿ ಕೇಳಿದ ಕಡೆಯೆಲ್ಲ, ಇವಳ ಮುಖ ಕಂಡೊಡನೆ ಮನೆ ಖಾಲಿಯಿಲ್ಲ ಅಂದಿದ್ದರಂತೆ. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಊಟ ಆಯ್ತಾ?" ಎಂದರು. ಅಷ್ಟೇ ಇಂಟರ್‌ವ್ಯೂ.

ಮಾರನೆಯ ಬೆಳಿಗ್ಗೆ ಹಾಲು ಉಕ್ಕಿಸುವ ಶಾಸ್ತ್ರ. ಹೊಸ ಮನೆಗೆ ಬಂದವರು, ಬಾಡಿಗೆಯವರಾದರೂ ಸರಿ, ಮೊದಲು ಹಾಲು ಕಾಯಿಸಿ ಉಕ್ಕಿಸಬೇಕು. ಹಾಲು ಅಂಚಿಗೆ ಬಂದದ್ದೇ ಹುಡುಗಿ ಪಟ್ಟನೆ ಸ್ಟವ್ ಆರಿಸಿ, ಒಂದು ತೊಟ್ಟೂ ಚೆಲ್ಲಲಿಲ್ಲವೆಂದು ಹೆಮ್ಮೆಯಿಂದ ನಮ್ಮ ಕಡೆ ನೋಡಿದಳು. ಅತ್ತೆ ಹಣೆ ಚಚ್ಚಿಕೊಂಡರು.

"ಉಕ್ಕಲಿ ಬಿಡೇ. ಉಕ್ಕದಿದ್ರೆ ಮನೆ ನಿಂದು ಹೇಗಾಗತ್ತೆ?"

ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳ ಊರಿನ ಮನೆಯಲ್ಲಿ ಹಸುಗಳಿದ್ದವಂತೆ, ಹಾಲು ಚೆಲ್ಲಿದರೆ ಅಮ್ಮ ಬೈಯುತ್ತಿದ್ದಳಂತೆ. ಆದರೂ ಮತ್ತೆ ಹಚ್ಚಿದಳು. ಈ ಸಲ ಸ್ಟವ್ ತುಂಬ ಹಾಲು.

ಅವಳ ಹಿಂದೆ ತಾಂಜಾನಿಯಾದವರು, ನೇಪಾಳದವರು ಬಂದು ಮಹಡಿ ತುಂಬಿತು. ಹೊಸಬರಿಗೆ ಹಾಲು ಉಕ್ಕಿಸಲು ಹೇಳಿಕೊಡುವುದು, ಅಷ್ಟರಲ್ಲಿ ಅತ್ತೆಯಿಂದ ಕನ್ನಡ ಕಲಿತಿದ್ದ ಅವಳದೇ ಕೆಲಸ. "ಇಂಥವ್ರಿಗೆಲ್ಲ ಯಾಕ್ರೀ ಮನೆ ಕೊಡ್ತೀರ?" ಎಂದು ಎದುರು ಮನೆಯಾಕೆ ರಾಗ ಎಳೆದರೆ ಅತ್ತೆ, "ನಿಮ್ಮನೆ ಕೊಡಿ ಅಂದ್ನಾ?" ಎನ್ನುತ್ತಿದ್ದರು. ಆಗೆಲ್ಲ ನನಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ. ಉಳಿದ ಹೊತ್ತು ಅಷ್ಟಕ್ಕಷ್ಟೆ.

ಆಮೇಲೆ ಮೆಟ್ರೋ ದಾರಿಗೆ ನಮ್ಮ ಮನೆ ಹೋಗುತ್ತದೆ ಎಂದಾಯಿತು. ಹುಡುಗಿಯರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಕೀನ್ಯಾದವಳ ಕೊನೆಯ ವರ್ಷ ಇನ್ನೂ ಬಾಕಿ, ಅವಳಿಗೆ ಮಾತ್ರ ಎಲ್ಲೂ ರೂಮು ಸಿಗಲಿಲ್ಲ. ನಾವು ಹೆಗ್ಗನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಅತ್ತೆ ಮಾತು ಬಿಟ್ಟರು, ಊಟವನ್ನೂ ಬಿಟ್ಟರು. ತಟ್ಟೆ ಮುಂದಿಟ್ಟರೆ ಹಾಗೇ ತಳ್ಳುತ್ತಿದ್ದರು. ಹೀಗೇ ಆದರೆ ಇವರು ಉಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸಾಮಾನು ಇಳಿಸಲು ಆ ಹುಡುಗಿಯೂ ಬಂದಿದ್ದಳು. ಹಾಲಿಟ್ಟು, ಅತ್ತೆಯನ್ನು ಕೈಹಿಡಿದು ತಂದು ಸ್ಟವ್ ಮುಂದೆ ನಿಲ್ಲಿಸಿದವಳೂ ಅವಳೇ. ಹಾಲು ಅಂಚಿಗೆ ಬಂತು. ಅತ್ತೆ ಕೈ ಚಾಚಿ ಆರಿಸಿಬಿಟ್ಟರು.

"ಬೇಡ. ಇದು ನನ್ನ ಮನೆಯಲ್ಲ."

ಅವಳು ಮತ್ತೆ ಹಚ್ಚಿದಳು. "ಅಜ್ಜಿ, ಆ ಮಹಡೀನೂ ಮೊದ್ಲು ನನ್ ಮನೆ ಆಗಿರ್ಲಿಲ್ಲ. ಉಕ್ಕಲಿ ಬಿಡಿ."

ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಹರಿಯಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ಬಟ್ಟೆ ತೆಗೆದುಕೊಂಡು ಒರೆಸಲು ನಿಂತರು.

"ನಿಂಗೆ ರೂಮು ಸಿಕ್ತೇನೇ?"

"ಇಲ್ಲ ಅಜ್ಜಿ."

"ಸರಿ, ಸೂಟ್‌ಕೇಸ್ ತಂದು ಒಳಗಿನ ರೂಮಲ್ಲಿಡು. ಮೊದ್ಲು ಊಟ ಮಾಡೋಣ."