ತಲೆಯಿಲ್ಲದ ಟ್ಯಾಂಕು, ನಾನು ಬಚ್ಚಿಟ್ಟ ಕಾಗದ

1952ರ ಮಾರ್ಚ್ ತಿಂಗಳಲ್ಲಿ, ಸಾಲಿಗ್ರಾಮದ ಮಾಜಿ ಸಿಪಾಯಿ ಮಾದಪ್ಪ ಸುಳ್ಳುಗಾರನೆಂದು ನಾನು ಪತ್ರಿಕೆಯಲ್ಲಿ ಬರೆದೆ. ಅವನು ಹೇಳಿದ್ದು ನಿಜವೆಂಬ ಕಾಗದ ಐದೇ ದಿನದಲ್ಲಿ ನನ್ನ ಕೈ ಸೇರಿತು. ಅದನ್ನು ಬಚ್ಚಿಟ್ಟೆ.

ಆಗ ನಾನು ಕೃಷ್ಣರಾಜನಗರದಿಂದ ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಮಾದಪ್ಪ ಆಫ್ರಿಕಾದ ಮರಳುಗಾಡಿನಲ್ಲಿ ಸೆರೆಸಿಕ್ಕು, ಜರ್ಮನಿಯಲ್ಲಿ ಯುದ್ಧಕೈದಿಯಾಗಿದ್ದು ಬಂದವನು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿನ ಶೆಡ್ಡೊಂದರಲ್ಲಿ ನೂರು ಟನ್ನಿಗೂ ಮೀರಿದ ಟ್ಯಾಂಕು ನೋಡಿದೆನೆಂದು ಹೋಟೆಲಿನಲ್ಲಿ ಹೇಳುತ್ತಿದ್ದ.

“ತಲೆ ಇರ್ನಿಲ್ಲ ಕಣ್ರೀ ಅದಕ್ಕೆ. ಫಿರಂಗಿ ಕೂರ್ಸೋ ಗುಮ್ಮಟ ಇನ್ನೂ ಬಂದಿರ್ನಿಲ್ಲ.”

“ಅದು ನಮ್ಮ ಕಾವೇರಿ ಸೇತ್ವೆ ಮ್ಯಾಲೆ ಬಂದ್ರೆ ಏನ್ಲಾ ಗತಿ?” ಎಂದು ಹೋಟೆಲಿನವನು ಕೆಣಕುತ್ತಿದ್ದ.

“ಸೇತ್ವೆನೇ ಓಯ್ತದೆ. ಅದ್ಕೇ ಅಂತಾವ ಮಾಡ್ದೇ ಬುಟ್ರು.”

“ಮಾಡ್ದೇ ಬುಟ್ಟಿದ್ದ ನೀನೊಬ್ನೇ ನೋಡ್ಕಂಡ್ ಬಂದಿದ್ದೀಯ ಬುಡು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಸೂರಿನಲ್ಲಿದ್ದ ನಿವೃತ್ತ ಸೇನಾ ಎಂಜಿನಿಯರರೊಬ್ಬರಿಗೆ ಕಾಗದ ಬರೆದು ಕೇಳಿದೆ—ಅಷ್ಟರಮಟ್ಟಿಗೆ ಕ್ರಮ ತಪ್ಪಲಿಲ್ಲ. ಆದರೆ ಉತ್ತರಕ್ಕೆ ಕಾಯಲಿಲ್ಲ. ‘ತಲೆಯಿಲ್ಲದ ಟ್ಯಾಂಕಿನ ಬೊಗಳೆ ಸಿಪಾಯಿ’ ಎಂಬ ತಲೆಬರಹದಲ್ಲಿ ವರದಿ ಅಚ್ಚಾಯಿತು.

ಎಂಜಿನಿಯರರ ಉತ್ತರ ಚಿಕ್ಕದಾಗಿತ್ತು. ಅಂಥ ಟ್ಯಾಂಕು ಇದ್ದದ್ದು ನಿಜ. ಒಡಲು ಮಾತ್ರ ಸಿದ್ಧವಾಗಿತ್ತು, ಗುಮ್ಮಟ ಕೂರಿಸಿರಲಿಲ್ಲ. ತಯಾರಿಕೆಗೆ ಹೋಗಲೇ ಇಲ್ಲ. ಯುದ್ಧದ ನಂತರ ಬ್ರಿಟಿಷರು ಅದನ್ನು ತಮ್ಮ ದೇಶಕ್ಕೆ ಸಾಗಿಸಿದರು. ‘ನಿಮ್ಮ ಸಿಪಾಯಿ ಕಣ್ಣಾರೆ ಕಂಡವನೇ ಇರಬೇಕು.’

ಆ ತಿಂಗಳು ನನ್ನ ಇನ್ನೊಂದು ವರದಿಗೆ ಆಗಲೇ ತಿದ್ದುಪಡಿ ಅಚ್ಚಾಗಿತ್ತು. ಮತ್ತೊಂದಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸಂಪಾದಕರು ಬರೆದಿದ್ದರು. ಕಾಗದ ಮಡಚಿ ಜೇಬಿಗಿಟ್ಟೆ. ನಾಳೆ ಕಳಿಸೋಣ, ನಾಳಿದ್ದು—

ಮೇ ತಿಂಗಳಲ್ಲಿ ಸಾಲಿಗ್ರಾಮದಲ್ಲಿ ಪಂಚಾಯ್ತಿ ಸೇರಿತು. ಸುದ್ದಿಗೆಂದು ನಾನೂ ಹೋಗಿದ್ದೆ. ಮಾದಪ್ಪನ ವಿಧವೆ ತಂಗಿ ಗೌರಮ್ಮನ ಗದ್ದೆಯೊಳಕ್ಕೆ ನೆರೆಯವನು ಬಾಂದುಕಲ್ಲು ಸರಿಸಿದ್ದನೆಂಬ ದೂರು. ಬಾಂದುಕಲ್ಲು ನೆಡುವಾಗ ಅಡಿಯಲ್ಲಿ ಇದ್ದಿಲು ಹುಗಿಯುವುದು ಇಲ್ಲಿಯ ವಾಡಿಕೆ. ಕಲ್ಲು ಕಿತ್ತರೂ ಇದ್ದಿಲು ಉಳಿಯುತ್ತದೆ. ಹಳೆಯ ಜಾಗ ಕಂಡಿದ್ದವನು ಮಾದಪ್ಪ ಒಬ್ಬನೇ. ಈಗ ಅದರ ಮೇಲೆ ಕಾಲುವೆಯ ಏರಿ ಬಂದಿತ್ತು.

“ಇಲ್ಲಿ ಅಗೀರಿ. ನಮ್ಮಪ್ಪ ಇದ್ಲು ಆಕ್ದಾಗ ಮಂಕ್ರಿ ಇಡ್ದಿದ್ದೋನು ನಾನೇ,” ಎಂದ.

ನೆರೆಯವನು ಜೇಬಿನಿಂದ ನನ್ನ ವರದಿಯ ತುಣುಕು ತೆಗೆದು ಓದಿಸಿದ. ಪಂಚಾಯ್ತಿಯ ಯಜಮಾನರು ನನ್ನ ಕಡೆ ತಿರುಗಿದರು.

“ಬರ್ದೋರು ಇಲ್ಲೇ ಅವ್ರೆ. ಇವನ ಮಾತ್ ನಂಬ್ಕಂಡು ನೀರಿರೋ ಏರಿ ಒಡ್ಸಾಕಾಯ್ತದಾ? ಹೇಳಿ ಸ್ವಾಮಿ, ನೀವು ಬರ್ದಿದ್ದು ದಿಟವಾ?”

ಕಾಗದ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಮಾದಪ್ಪ ನನ್ನನ್ನೇ ನೋಡುತ್ತಿದ್ದ. ಗೌರಮ್ಮ ಸೆರಗಿನ ತುದಿ ಬಿಗಿಹಿಡಿದು ನಿಂತಿದ್ದಳು. ಒಂದು ಮಾತು ಸಾಕಿತ್ತು—ಅದನ್ನು ನಾನು—

“ವಿಚಾರಿಸಿಯೇ ಬರೆದದ್ದು,” ಎಂದೆ.

“ಆಯ್ತು ಬುಡಿ,” ಎಂದ ಮಾದಪ್ಪ.

ಏರಿ ಅಗೆಯಲಿಲ್ಲ. ಸರಿಸಿದ ಕಲ್ಲೇ ಗಡಿಯಾಯಿತು. ಪಂಚಾಯ್ತಿಯ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ನಾನೇ ಕಳಿಸಿದೆ. ಅದರಲ್ಲಿ ಒಂದು ಹೆಸರೂ ತಪ್ಪಿರಲಿಲ್ಲ.

ಮಾದಪ್ಪ ಆಮೇಲೆ ಹೋಟೆಲಿಗೆ ಬರಲಿಲ್ಲ. 1957ರಲ್ಲಿ ತೀರಿಕೊಂಡ. ತನ್ನದಾಗಿದ್ದ ಆ ಗದ್ದೆಯ ಪಟ್ಟಿಯಲ್ಲೇ ಗೌರಮ್ಮ ಕೂಲಿಗೆ ನಾಟಿ ಮಾಡುವುದನ್ನು ಬಸ್ಸಿನಿಂದ ಎರಡು ಸಲ ಕಂಡಿದ್ದೇನೆ. ಇಳಿಯಲಿಲ್ಲ.

ಈ ವರ್ಷ, 1959ರಲ್ಲಿ, ಅವಳ ಮನೆಗೆ ಹೋಗಿ ಕಾಗದ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

“ಅವತ್ತು ಇದು ನಿಮ್ಮತ್ರ ಇತ್ತಾ?”

“ಇತ್ತು,” ಎಂದೆ.

ಅವಳು ಎದ್ದು ಒಳಗೆ ಹೋದಳು.

ಮರುದಿನ ಸಹಿ ಮಾಡಿದ ಹೇಳಿಕೆಯನ್ನು, ಕಾಗದದ ಜೊತೆಗೆ, ತಾಲ್ಲೂಕು ಕಚೇರಿಗೆ ಕೊಟ್ಟೆ. ಒಂದು ಪ್ರತಿ ಸಂಪಾದಕರಿಗೂ ಹೋಗಿದೆ. ಕಳೆದ ಸೋಮವಾರ ನೋಡಿದಾಗ ಪಹಣಿಯಲ್ಲಿ ಆ ಪಟ್ಟಿ ನೆರೆಯವನ ಹೆಸರಿನಲ್ಲೇ ಇತ್ತು.