ಹುಳದ ಮನೆಯಲ್ಲಿ ಮ್ಯಾಟಿನಿ

ಮೊನ್ನೆ ಭಾನುವಾರ ನನ್ನ ಡಿವಿಡಿ ಪ್ಲೇಯರ್ ಬಾಯಿ ಬಿಡಲಿಲ್ಲ. ಗುಂಡಿ ಒತ್ತಿದರೆ ಒಳಗೆ ಕರಕರ ಎಂದು ಹಲ್ಲು ಕಡಿಯುತ್ತದೆ, ತಟ್ಟೆ ಮಾತ್ರ ಹೊರಗೆ ಬರುವುದಿಲ್ಲ. ಗೌರಿಬಿದನೂರಿನಲ್ಲಿ ರಿಪೇರಿ ಅಂಗಡಿಗಳಿಗೇನೂ ಕೊರತೆಯಿಲ್ಲ. ಆದರೆ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋದ ನನ್ನನ್ನು ಅಂಗಡಿಯವನು ಮ್ಯೂಸಿಯಂನಿಂದ ತಪ್ಪಿಸಿಕೊಂಡು ಬಂದವನನ್ನು ನೋಡುವಂತೆ ನೋಡಿದ. "ಅಣ್ಣಾ, ಇದರ ಮೇಲೆ ಒಂದು ಬಟ್ಟೆ ಹಾಸಿ ಹೂದಾನಿ ಇಟ್ಬಿಡಿ. ಚೆನ್ನಾಗ್ ಕಾಣ್ಸುತ್ತೆ" ಎಂದ.

ನಾನು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲು ತಪಾಸಣೆ ಮಾಡುವವನು. ಅಂದರೆ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ನನ್ನ ತಪ್ಪುಗಳನ್ನು ಮನೆಯವರು ಸಂಬಳವಿಲ್ಲದೆಯೇ ಹುಡುಕುತ್ತಾರೆ. ಈ ಅನುಭವದ ಧೈರ್ಯದ ಮೇಲೆ ಸ್ಕ್ರೂಡ್ರೈವರ್ ಹಿಡಿದು ನಾನೇ ಪ್ಲೇಯರ್ ಬಿಚ್ಚಿದೆ. ಒಳಗೆ, ತಟ್ಟೆಯನ್ನು ತಳ್ಳುವ ಪುಟ್ಟ ಗಾಲಿಯ ಪಕ್ಕದಲ್ಲಿ, ಒಂದು ರೇಷ್ಮೆ ಗೂಡು ಸಿಕ್ಕಿಕೊಂಡಿತ್ತು. ಮೈತುಂಬ ಧೂಳು. ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಣಗಿದ ಹುಳು ಒಳಗೆ ಗಿಲಗಿಲ ಎಂದಿತು. ಇಷ್ಟು ವರ್ಷ ಯಾವುದೋ ಮೂಲೆಯಲ್ಲಿ ತೆಪ್ಪಗಿದ್ದದ್ದು ಈಗ ಜಾರಿ ಬಂದಿರಬೇಕು.

ಡಿವಿಡಿ ಪ್ಲೇಯರಿನೊಳಗೆ ರೇಷ್ಮೆ ಹುಳು ಏಕೆ ಮನೆ ಕಟ್ಟಿತು ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ನನ್ನ ಮಾನ ಹೋಗುವ ವಿಷಯ, ಆದರೆ ಅದು ನನ್ನ ಹತ್ತಿರ ಹೆಚ್ಚಿಗೆ ಉಳಿದೂ ಇಲ್ಲ.

ಕೆಲವು ವರ್ಷಗಳ ಹಿಂದೆ ಚಿಂತಾಮಣಿಯಲ್ಲಿ ಸಿನಿಮಾ ಡಿಸ್ಕ್ ಬಾಡಿಗೆ ಕೊಡುತ್ತಿದ್ದ ಅಂಗಡಿಯೊಂದು ಬಾಗಿಲು ಹಾಕಿತು. ಹೊಡೆದಾಟದ ಸಿನಿಮಾ, ಅಳುವ ಸಿನಿಮಾ, ದೇವರ ಸಿನಿಮಾಗಳನ್ನೆಲ್ಲ ಬುದ್ಧಿವಂತರು ಮೊದಲೇ ಹೊತ್ತುಕೊಂಡು ಹೋಗಿದ್ದರು. ನಾನು ಹೋದಾಗ ಉಳಿದಿದ್ದದ್ದು ಯಾರಿಗೂ ಬೇಡವಾದ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಸಾಕ್ಷ್ಯಚಿತ್ರಗಳು, ವಿದೇಶಿ ಸಂಗೀತ ಕಚೇರಿಗಳನ್ನೇ ಸಿನಿಮಾ ಮಾಡಿದ ಡಿಸ್ಕುಗಳು ಮತ್ತು ಹಳೇ ಕಾಲದ ಬಡ ದೆವ್ವದ ಸಿನಿಮಾಗಳು. ಬಡ ಎಂದರೆ ದೆವ್ವದ ಬೆನ್ನಿನಲ್ಲಿ ಜಿಪ್ಪು ಕಾಣುವಷ್ಟು ಬಡ. ಅಂಗಡಿಯವನು ಪೆಟ್ಟಿಗೆಯನ್ನು ತಿಪ್ಪೆಗೆ ಹಾಕುವವನಿದ್ದ. ನಾನು ಮನೆಗೆ ತಂದು ಅದಕ್ಕೆ 'ಸಂಗ್ರಹ' ಎಂದು ಹೆಸರಿಟ್ಟೆ.

ನಿಜ ಹೇಳಬೇಕೆಂದರೆ ಅದರಷ್ಟು ಸುಖ ನನಗೆ ಥಿಯೇಟರಿನಲ್ಲಿ ಸಿಕ್ಕಿಲ್ಲ. ಕಚೇರಿ ಸಿನಿಮಾದಲ್ಲಿ ಡ್ರಮ್ ಬಾರಿಸುವವನ ಮೂಗಿನ ತುದಿಯಿಂದ ಬೆವರು ಬೀಳುವುದನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಬೀಳಿಸಿ ನೋಡಬಹುದು. ಟಿಕೆಟ್ ಕೊಂಡವನಿಗೂ ಆ ಬೆವರು ಅಷ್ಟು ಹತ್ತಿರದಿಂದ ಕಂಡಿರಲಿಕ್ಕಿಲ್ಲ. ಸಾಕ್ಷ್ಯಚಿತ್ರ ನೋಡಿದರೆ ಒಂದು ವಾರ ಕ್ಯಾಂಟೀನಿನಲ್ಲಿ ಜ್ಞಾನ ಹಂಚಬಹುದು. ದೆವ್ವದ ಸಿನಿಮಾವನ್ನಂತೂ ನಾನು ಕಲೆಯ ದೃಷ್ಟಿಯಿಂದ ನೋಡುತ್ತೇನೆ. ಕಂಬಳಿಯ ತೂತಿನಿಂದ ನೋಡುವುದೂ ಒಂದು ದೃಷ್ಟಿಯೇ ತಾನೆ?

ಇಂಥ ಸಂಗ್ರಹಕ್ಕೆ ಪ್ರೇಕ್ಷಕರು ಸಿಕ್ಕಿದ್ದು ಕೆಂಚಾರ್ಲಹಳ್ಳಿಯಲ್ಲಿ, ನನ್ನ ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಪ್ಪ ಭಜನೆಯಲ್ಲಿ ಡೋಲಕ್ ಬಾರಿಸುವವರು, ಅವರಿಗೆ ಕಚೇರಿ ಸಿನಿಮಾ ಎಂದರೆ ಪ್ರಾಣ. ಭಾಷೆ ಬೇಕಿಲ್ಲ, ಬಾರಿಸುವವನ ಕೈ ಕಂಡರೆ ಸಾಕು. ಚಿಕ್ಕಮ್ಮನಿಗೆ ದೆವ್ವ. ಹೆದರುವುದಕ್ಕಲ್ಲ, ದೆವ್ವಕ್ಕೂ ಅದರ ಕೈಗೆ ಸಿಗುವವರಿಗೂ ಬುದ್ಧಿ ಹೇಳುವುದಕ್ಕೆ. "ಏಯ್, ಒಬ್ಬಳೇ ಆ ರೂಮಿಗೆ ಹೋಗ್ಬೇಡ್ವೇ! ಅಯ್ಯೋ ಪಾಪಂ, ಹೋದ್ಲು. ಹೇಳಿದ್ ಮಾತು ಕೇಳಲ್ಲ, ನಮ್ಮ ಯಜಮಾನ್ರ ಥರಾನೇ."

ಆ ಸಲ ನಾನು ಪೆಟ್ಟಿಗೆಯನ್ನೂ ಪ್ಲೇಯರನ್ನೂ ಹೊತ್ತು ಹೋದಾಗ ಮನೆಯಲ್ಲಿ ರೇಷ್ಮೆ ಬೆಳೆ ನಡೆಯುತ್ತಿತ್ತು. ಹಿಂದಿನ ಎರಡು ಬೆಳೆಗಳಲ್ಲಿ ಹುಳುಗಳಿಗೆ ರೋಗ ತಗುಲಿ ಎಲ್ಲ ಗುಂಡಿಗೆ ಹೋಗಿತ್ತು. ಚಿಕ್ಕಪ್ಪನಿಗೆ ಸಾಕಾಗಿತ್ತು. "ಇದೊಂದು ಬೆಳೆ ನೋಡಣ ಕಣೇ. ಇದೂ ಕೆಟ್ರೆ ಹಿಪ್ಪುನೇರಳೆ ಕಿತ್ತಾಕಿ ಟೊಮೆಟೊ ಇಡಣ" ಎಂದು ಹೇಳಿಬಿಟ್ಟಿದ್ದರು.

"ಆಗ್ಲಿ" ಎಂದಿದ್ದಳು ಚಿಕ್ಕಮ್ಮ. "ಆದ್ರೆ ಬೆಳೆ ಚೆನ್ನಾಗಾದ್ರೆ, ಟೊಮೆಟೊ ಅನ್ನೋ ಮಾತು ಈ ಮನೇಲಿ ಸಾರಿಗೆ ಬಿಟ್ಟು ಇನ್ಯಾವುದಕ್ಕೂ ಬರಕೂಡ್ದು."

ಅವಳು ನಗುತ್ತಲೇ ಹೇಳಿದ್ದಳು, ಆದರೆ ನಗುವ ವಿಷಯವಾಗಿರಲಿಲ್ಲ. ಟೊಮೆಟೊ ತೋಟದಲ್ಲಿ ಅವಳು ಹತ್ತು ಜನರ ಜೊತೆ ಬಗ್ಗಿ ಕಾಯಿ ಕೀಳುವ ಒಬ್ಬಳು. ಹುಳದ ಮನೆಯಲ್ಲಿ ಅವಳೇ ಯಜಮಾನಿ. ಯಾವಾಗ ಸೊಪ್ಪು, ಯಾವಾಗ ಗಾಳಿ, ಯಾರು ಒಳಗೆ, ಯಾರು ಹೊರಗೆ, ಎಲ್ಲವೂ ಅವಳ ಮಾತು. ಚಿಕ್ಕಪ್ಪನೂ ಅಲ್ಲಿ ಕೇಳಿಯೇ ಕಾಲಿಡಬೇಕು. ಅವಳು ಮದುವೆಯಾಗಿ ಬಂದಾಗಿನಿಂದ ಕಟ್ಟಿಕೊಂಡ ಆ ರಾಜ್ಯ ಒಂದು ಬೆಳೆಯ ಮೇಲೆ ನಿಂತಿತ್ತು.

ಹುಳದ ಮನೆ ಎಂದರೆ ಬೇರೆ ಕಟ್ಟಡವೇನೂ ಅಲ್ಲ, ಅವರ ಮನೆಯ ನಡುಮನೆಯೇ. ಹುಳು ದೊಡ್ಡದಾದಂತೆ ಮನುಷ್ಯರು ಅಡುಗೆಮನೆಗೂ ಜಗಲಿಗೂ ಸರಿಯುತ್ತಾ ಹೋಗುತ್ತಾರೆ. ಟಿವಿ ಮಾತ್ರ ಭಾರವೆಂದು ಅಲ್ಲೇ ಉಳಿದಿತ್ತು. ಬೆಳೆ ಇರುವಾಗ ಆ ಮನೆಗೆ ನೆಂಟರು ಬರುವಂತಿಲ್ಲ, ನನ್ನನ್ನು ಮಾತ್ರ ಕೈಯಾಳೆಂದು ಬಿಟ್ಟುಕೊಳ್ಳುತ್ತಿದ್ದರು. ಊದುಬತ್ತಿ ಇಲ್ಲ, ಒಗ್ಗರಣೆ ಇಲ್ಲ, ಸೊಳ್ಳೆ ಬತ್ತಿ ಇಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಯೇ ಒಳಗೆ. ನಾನೊಮ್ಮೆ ಸೆಂಟು ಹಾಕಿಕೊಂಡು ಹೋಗಿ, ಮದುವೆ ಗಂಡಿನಂತೆ ಹಿತ್ತಲಲ್ಲಿ ಕೂರಿಸಿ ಸ್ನಾನ ಮಾಡಿಸಿಕೊಂಡವನು. ಉಜ್ಜಿದ್ದು ಮಾತ್ರ ತೆಂಗಿನ ನಾರಿನಲ್ಲಿ.

ಈ ಬೆಳೆ ಚೆನ್ನಾಗಿ ಬಂದಿತ್ತು. ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದು, ಸೊಪ್ಪು ಮುಕ್ಕಿ ಮುಕ್ಕಿ, ಹುಳುಗಳೆಲ್ಲ ಹಣ್ಣಾಗಿದ್ದವು, ಅಂದರೆ ಗೂಡು ಕಟ್ಟಲು ತಯಾರಾಗಿದ್ದವು. ಹಣ್ಣಾದವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಅದು ಬಿದಿರಿನ ಅಗಲ ತಟ್ಟಿ, ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ಆ ಸುರುಳಿಯ ಸಂದಿನಲ್ಲಿ ಒಂದೊಂದು ಹುಳು ತನ್ನ ಪಾಡಿಗೆ ಗೂಡು ಕಟ್ಟುತ್ತದೆ. ಬೆಳಗ್ಗೆಯೆಲ್ಲ ಮೂವರೂ ಹುಳು ಆರಿಸಿ ಬಿಟ್ಟೆವು. ಚಂದ್ರಿಕೆಗಳನ್ನು ಹಿಂದಿನ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಮಧ್ಯಾಹ್ನ ಊಟವಾಯಿತು. ಇನ್ನು ಮನುಷ್ಯರು ಮಾಡುವ ಕೆಲಸವೇನೂ ಇಲ್ಲ.

"ಸೌಂಡು ಕಮ್ಮಿ ಇಟ್ಕೊಂಡು ಒಂದು ಸಿನಿಮಾ ಹಾಕೋ" ಎಂದರು ಚಿಕ್ಕಪ್ಪ.

"ಹಾಕ್ಲಾ ಚಿಕ್ಕಮ್ಮಾ?"

ಯಜಮಾನಿ ಯೋಚಿಸಿದಳು. "ಹಾಕು. ಮೊದ್ಲು ಆ ಬಲ್ಬ್ ಆರ್ಸು. ಗೂಡು ಕಟ್ಟೋವಾಗ ಹುಳಕ್ಕೆ ಬೆಳಕು ಆಗಲ್ಲ ಕಣಪ್ಪ."

ಇಲ್ಲಿ ಸ್ವಲ್ಪ ನಿಲ್ಲಿ. ಬೆಳಕು ಬಿದ್ದರೆ ಹುಳುಗಳು ಕತ್ತಲಿರುವ ಕಡೆಗೆ ಓಡಿ, ಒತ್ತೊತ್ತಾಗಿ ಸೇರಿ, ಎರಡೆರಡು ಒಂದೇ ಗೂಡು ಕಟ್ಟಿಬಿಡುತ್ತವೆ. ಅಂಥ ಜೋಡಿ ಗೂಡಿನ ನೂಲು ಸಿಕ್ಕು ಸಿಕ್ಕು, ಸಲೀಸಾಗಿ ಬಿಚ್ಚಲು ಬರುವುದಿಲ್ಲ. ಇದು ಮೂವರಿಗೂ ಗೊತ್ತು. ಅದಕ್ಕೇ ಬಲ್ಬ್ ಆರಿಸಿದೆವು. ಕಿಟಕಿಗೆ ಗೋಣಿತಾಟು ಕಟ್ಟಿದೆವು. ಬಾಗಿಲ ಸಂದಿಗೆ ಚಿಕ್ಕಪ್ಪನ ಟವೆಲ್ ತುರುಕಿದೆವು. ಒಂದು ಗೆರೆ ಬಿಸಿಲೂ ಒಳಗೆ ಬಾರದಂತೆ ಮಾಡಿ, ಆಮೇಲೆ ಟಿವಿ ಹಾಕಿದೆವು. ಅಷ್ಟು ವರ್ಷ ಹುಳು ಸಾಕಿದ ಚಿಕ್ಕಮ್ಮನಿಗಾಗಲಿ, ಚಿಕ್ಕಪ್ಪನಿಗಾಗಲಿ, ತಪ್ಪು ಹುಡುಕಿ ಸಂಬಳ ಎಣಿಸುವ ನನಗಾಗಲಿ, ಟಿವಿಯಿಂದಲೂ ಬೆಳಕು ಬರುತ್ತದೆ ಎಂಬುದು ಹೊಳೆಯಲೇ ಇಲ್ಲ. ಬೆಳಕು ಎಂದರೆ ಬಲ್ಬು. ಟಿವಿ ಎಂದರೆ ಟಿವಿ.

ಮೊದಲು ಸಾಕ್ಷ್ಯಚಿತ್ರ, ಆಳ ಸಮುದ್ರದ ಮೀನುಗಳದ್ದು. "ಅಷ್ಟು ಕೆಳಗೆ ಕ್ಯಾಮೆರಾ ಹಿಡ್ಕೊಂಡ್ ಕೂತಿರೋನಿಗೆ ಊಟ ಯಾರೋ ತಗೊಂಡೋಗ್ತಾರೆ?" ಎಂದು ಚಿಕ್ಕಪ್ಪ ಚಿಂತೆ ಮಾಡಿದರು. ಆಮೇಲೆ ಕಚೇರಿ. ಉದ್ದ ಕೂದಲಿನವರು, ವೇದಿಕೆಯ ತುಂಬ ಫಳ್ ಫಳ್ ಬಿಳಿ ಬೆಳಕು. ಚಿಕ್ಕಪ್ಪ ಖಾಲಿ ಸೊಪ್ಪಿನ ಬುಟ್ಟಿ ಬೋರಲು ಹಾಕಿಕೊಂಡು ಬೆರಳ ತುದಿಯಲ್ಲೇ ಸಾಥ್ ಕೊಟ್ಟರು. ಮುಗಿಯುತ್ತಲೇ "ಇನ್ನೊಂದ್ಸಲ ಹಾಕೋ, ಆ ಡ್ರಮ್ಮಿಂದು ಮಾತ್ರ" ಎಂದರು. ಹಾಕಿದೆ. ಇನ್ನೊಂದು ಸಲ ಎಂದರು. ಮತ್ತೆ ಹಾಕಿದೆ. ಕೊನೆಗೆ ದೆವ್ವ. ಅದು ಬಾವಿಯಿಂದ ಕೈ ಚಾಚಿದಾಗ ನಾನು ಚಾಪೆಯಿಂದ ಎದ್ದು ಚಿಕ್ಕಪ್ಪನ ಬೆನ್ನ ಹಿಂದೆ ಕೂತೆ. ಕೋನ ಬದಲಿಸಿ ನೋಡೋಣವೆಂದು.

"ಏನೋ, ಅಷ್ಟ್ ದೊಡ್ಡೋನಾಗಿ!" ಎಂದಳು ಚಿಕ್ಕಮ್ಮ.

"ಇಲ್ಲಿಂದ ಕ್ಯಾಮೆರಾ ಕೆಲಸ ಚೆನ್ನಾಗ್ ಕಾಣ್ಸುತ್ತೆ."

"ಕಣ್ ಮುಚ್ಕೊಂಡ್ರೆ ಇನ್ನೂ ಚೆನ್ನಾಗ್ ಕಾಣ್ಸುತ್ತಾ?"

ಸಿನಿಮಾ ಮುಗಿದು, ಸಂಜೆ ಕಾಫಿಗೆಂದು ಏಳುವಾಗ ಅವಳು ಟಾರ್ಚ್ ಹಿಡಿದು ಚಂದ್ರಿಕೆ ನೋಡಲು ತಿರುಗಿದಳು. ಅಷ್ಟು ದೆವ್ವಗಳನ್ನು ಬೈದು ಕೂರಿಸಿದವಳು ಚೀರಿದ್ದನ್ನು ನಾನು ಮೊದಲ ಸಲ ಕೇಳಿದೆ.

ನಾವು ಮೂವರೂ ಟಿವಿಗೂ ಚಂದ್ರಿಕೆಗೂ ನಡುವೆ ಕೂತಿದ್ದೆವಲ್ಲ, ನಮ್ಮ ನೆರಳು ಹಿಂದೆ ಬಿದ್ದಿತ್ತು. ಬಾಕಿ ಕಡೆಯಿಂದ ಹುಳುಗಳೆಲ್ಲ ಹರಿದು ಬಂದು ಆ ನೆರಳಿನಲ್ಲಿ ಸೇರಿಕೊಂಡಿದ್ದವು. ಸಿಕ್ಕ ಸಂದಿನಲ್ಲಿ ಎರಡೆರಡು, ಮೂರು ಮೂರು, ಆಗಲೇ ನೂಲು ಬಿಟ್ಟು ಬಲೆ ಹೆಣೆದುಕೊಂಡಿದ್ದವು. ನಾನು ಸ್ವಲ್ಪ ಹೆಚ್ಚಿಸಿ ಹೇಳುವವನೆಂದು ನಿಮಗೆ ಗೊತ್ತಾಗಿರಬಹುದು, ಆದರೂ ಹೇಳುತ್ತೇನೆ: ಬಿದಿರಿನ ಮೇಲೆ ಮೂರು ತಲೆಗಳ ಆಕಾರ ಎದ್ದು ಕಾಣುತ್ತಿತ್ತು. ಚಿಕ್ಕಪ್ಪನ ದೇಹ ದೊಡ್ಡದು, ಅಲ್ಲೇ ಹೆಚ್ಚು ಹುಳು. ನನ್ನ ಜಾಗದಲ್ಲಿ ತೀರಾ ಕಡಿಮೆ. ಅಷ್ಟು ನಡುಗುವ ನೆರಳನ್ನು ನಂಬಿ ಯಾವ ಹುಳು ತಾನೆ ಸಂಸಾರ ಹೂಡೀತು? ಒಂದಂತೂ ನೆರಳೂ ಬೇಡವೆಂದು ಟಿವಿಯ ತನಕ ಹರಿದು ಪ್ಲೇಯರಿನ ಬೆನ್ನಿನ ಕಿಂಡಿಗೆ ನುಗ್ಗಿತ್ತು ಎಂಬುದು ಗೊತ್ತಾದದ್ದು ಮೊನ್ನೆ ಭಾನುವಾರ.

ಚಿಕ್ಕಮ್ಮ ಬೈಯಲಿಲ್ಲ. ಚಾಪೆಯ ಮೇಲೆ ಕೂತಳು. "ಬಲ್ಬ್ ಆರ್ಸಿದ್ನಲ್ಲೋ" ಎಂದಳು. "ನಾನೇ ಹೇಳಿ ಆರ್ಸಿದ್ನಲ್ಲ."

ಚಿಕ್ಕಪ್ಪ ಬುಟ್ಟಿಯನ್ನು ಮೆಲ್ಲಗೆ ಸರಿಯಾಗಿ ನಿಲ್ಲಿಸಿ ಹೊರಗೆ ಹೋದರು.

ಗೂಡು ಬಿಡಿಸುವ ದಿನ ಅರ್ಧಕ್ಕರ್ಧ ಜೋಡಿ ಗೂಡು. ಶಿಡ್ಲಘಟ್ಟದ ಮಾರುಕಟ್ಟೆಗೆ ಯಾವಾಗಲೂ ಚಿಕ್ಕಮ್ಮನೇ ಮುಂದೆ ನಿಂತು ಹೋಗುವವಳು. ಆ ದಿನ ಬರುವುದಿಲ್ಲವೆಂದಳು. ಚಿಕ್ಕಪ್ಪ, ನಾನು ಮೂಟೆ ಹೊತ್ತು ಹೋದೆವು. ನೂಲು ಬಿಚ್ಚಿಸುವ ಸಾಹೇಬರೊಬ್ಬರು ಬಂದು ರಾಶಿಯೊಳಗೆ ಕೈ ಹಾಕಿ, ಒಂದು ಹಿಡಿ ಎತ್ತಿ, ನಕ್ಕುಬಿಟ್ಟರು.

"ಏನ್ ಗೌಡ್ರೇ, ಎಲ್ಲಾ ಜೋಡಿ ಜೋಡಿ! ಹುಳಕ್ಕೆ ಸಾಮೂಹಿಕ ವಿವಾಹ ಮಾಡ್ಸಿದ್ರಾ?"

ನಾನು ನಕ್ಕೆ. ಚಿಕ್ಕಪ್ಪ ನಗಲಿಲ್ಲ.

"ಮನೇಲಿ ಹೆಂಗಸರಿಗೆ ಹುಳ ಸಾಕಕ್ ಬರಲ್ವೇನೋ ಪಾಪ" ಎಂದರು ಸಾಹೇಬರು.

ಚಿಕ್ಕಪ್ಪನ ಮುಖ ಕೆಂಪಾಯಿತು. "ಏನ್ ಸಾಬ್ರೇ ಹಂಗಂದ್ರೆ? ಒಂದು ಸತ್ತ ಹುಳ ತೋರ್ಸಿ ನೋಡಣ. ಒಂದು ಕರೆ ಬಿದ್ದ ಗೂಡು ತೋರ್ಸಿ. ಎಲ್ಲಾ ಹುಳಾನೂ ಗೂಡಿಗ್ ಬಂದೈತೆ. ನಮ್ಮನೆಯವಳು ಸಾಕಿರೋ ಹಂಗೆ ಈ ಸೀಮೇಲಿ ಯಾರಾದ್ರೂ ಸಾಕ್ಲಿ! ಗೂಡು ಕೆಡ್ಸಿದ್ದು ಅವಳಲ್ಲ. ಹಾಕು, ಇನ್ನೊಂದ್ಸಲ ಹಾಕು ಅಂತ ಕೂತ್ಕೊಂಡು ಕೆಡ್ಸಿದ್ದು ನಾನು."

ಸಾಹೇಬರಿಗೆ ಏನು ಹಾಕಿದ್ದು, ಎಲ್ಲಿ ಹಾಕಿದ್ದು ಒಂದೂ ಅರ್ಥವಾಗದೆ, "ಆಯ್ತಾಯ್ತು, ಕೋಪ ಮಾಡ್ಕೋಬೇಡಿ" ಎಂದು ಹಿಂದೆ ಸರಿದರು. ಗೂಡು ಕಡಿಮೆ ಬೆಲೆಗೇ ಹೋಯಿತು.

ಸಂಜೆ ಮನೆಗೆ ಬಂದರೆ ಚಿಕ್ಕಮ್ಮ ಖಾಲಿ ನಡುಮನೆಯನ್ನು ಗುಡಿಸಿ, ಹುಳು ಸಾಕುವ ತಟ್ಟೆಗಳನ್ನೆಲ್ಲ ಅಟ್ಟಕ್ಕೆ ಏರಿಸಲು ಸಾಲಾಗಿ ಜೋಡಿಸಿಟ್ಟಿದ್ದಳು. ಬೆಲೆ ಕೇಳಲಿಲ್ಲ. "ಟೊಮೆಟೊ ಸಸಿಗೆ ಯಾವಾಗ ಹೋಗ್ತೀರಾ?" ಎಂದಳು.

ಚಿಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ತಟ್ಟೆ ಯಾಕೆ ಮೇಲಿಡ್ತೀಯ? ಮುಂದಿನ್ ಬೆಳೆಗೆ ಮರಿ ಹುಳ ಬೇಕು ಅಂತ ಹೇಳ್ಬಿಟ್ಟು ಬಂದಿದ್ದೀನಿ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಮೇಲಿನ ತಟ್ಟೆಯನ್ನು ತೆಗೆದು ನನ್ನ ಕೈಗಿಟ್ಟಳು. "ನಿಂತ್ಕೊಂಡು ಏನ್ ನೋಡ್ತೀಯೋ? ತೊಳಿ. ಎಲ್ಲಾನೂ ತೊಳೀಬೇಕು."

ತೊಳೆದೆ. ಇವತ್ತಿಗೂ ಹೋದಾಗಲೆಲ್ಲ ತೊಳೆಯುತ್ತಿದ್ದೇನೆ.

ಮೊನ್ನೆ ಪ್ಲೇಯರ್ ಸರಿಹೋದ ಖುಷಿಯಲ್ಲಿ ಫೋನ್ ಮಾಡಿ, "ಚಿಕ್ಕಮ್ಮಾ, ಬರ್ಲಾ?" ಎಂದೆ. "ಬಾ. ಹುಳ ಹಣ್ಣಾಗೈತೆ. ಸಿನಿಮಾ ತರ್ಬೇಡ" ಎಂದಳು. ಬರಿಗೈಯಲ್ಲಿ ಹೋದೆ. ಮಧ್ಯಾಹ್ನದ ಹೊತ್ತಿಗೆ ಚಂದ್ರಿಕೆ ತುಂಬಿತು. ಟಿವಿಗೆ ಕಂಬಳಿ ಹೊದಿಸಿಟ್ಟಿದ್ದರು. ಕತ್ತಲಲ್ಲಿ ಮೂವರೂ ಕೂತೆವು. ಕೆಲಸವಿಲ್ಲ, ಎದ್ದು ಹೋಗುವ ಮನಸ್ಸೂ ಇಲ್ಲ. ಚಿಕ್ಕಪ್ಪ ಮೊಣಕಾಲಿನ ಮೇಲೆ ಆ ಡ್ರಮ್ಮಿನವನ ಪೂರ್ತಿ ಆವರ್ತನ ನುಡಿಸಿದರು, ಎಲ್ಲಿ ಬೆವರು ಒರೆಸಿಕೊಳ್ಳುತ್ತಾನೋ ಅಲ್ಲಿ ತಾವೂ ಒರೆಸಿಕೊಂಡರು. ಆಮೇಲೆ ಚಿಕ್ಕಮ್ಮ ದೆವ್ವದ ಕಥೆ ಎತ್ತಿಕೊಂಡಳು. ಅವಳು ಹೇಳಿದ ಸಿನಿಮಾ ಅವತ್ತು ನೋಡಿದ್ದಲ್ಲ. ಅವಳ ದೆವ್ವಕ್ಕೆ ಬೆನ್ನಿನಲ್ಲಿ ಜಿಪ್ಪಿರಲಿಲ್ಲ. ಅದು ಚಿಂತಾಮಣಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತಿತು, ಟಿಕೆಟ್ ತೆಗೆದುಕೊಂಡಿತು, ನಮ್ಮ ಸ್ಟಾಪಿನಲ್ಲೇ ಇಳಿಯಿತು. ಆಮೇಲೆ ಅವಳು ಮಾತು ನಿಲ್ಲಿಸಿಬಿಟ್ಟಳು.

"ಆಮೇಲೆ?" ಎಂದೆ.

"ಆಮೇಲ್ ಏನು? ಮನೆ ಹುಡುಕ್ತಾ ಐತೆ."

ಸ್ವಲ್ಪ ಹೊತ್ತು ತಡೆದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ. "ಚಿಕ್ಕಪ್ಪಾ, ನಾನು ಸ್ವಲ್ಪ ಹಿತ್ಲಿಗೆ ಹೋಗ್ಬೇಕು. ಜೊತೆಗ್ ಬರ್ತೀರಾ?"

ಚಿಕ್ಕಪ್ಪ ಎದ್ದು ಬಾಗಿಲು ಒಂದು ಗೇಣು ತೆರೆದು, ನನ್ನನ್ನು ಹೊರಗೆ ತಳ್ಳಿ, ತಾವೂ ಹೊರಗೆ ಬಂದು ಬೇಗನೆ ಮುಚ್ಚಿದರು. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು, ಕಣ್ಣು ಬಿಡಲಾಗುತ್ತಿರಲಿಲ್ಲ. ಹಿಪ್ಪುನೇರಳೆ ತೋಟ ಹಸಿರಾಗಿ ಹೊಳೆಯುತ್ತಿತ್ತು. ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡೇ ಹಿತ್ತಲ ತನಕ ಬಂದರು. ನಾನು ಹೆದರಿದ್ದೆನೆಂದು ಹಿಡಿದುಕೊಂಡರೋ, ಅವರಿಗೇ ಬೇಕಾಗಿತ್ತೋ, ನಾನು ಕೇಳಲಿಲ್ಲ.